ಎಂಟನೆಯ ಉಸಿರು

ಭೂಮಿ ಉಸಿರಾಡುತ್ತಿತ್ತು, ಇಲ್ಲವೆನ್ನುವಂತಿಲ್ಲ. ಆದರೆ ಸೈಕಲ್ಲಿಗೆ ಗಾಳಿ ಹೊಡೆದಂತೆ ಉಸಿರಾಡುತ್ತಿತ್ತು.

"ಅಣ್ಣ, ಇದು ಭೂಮಿನಾ, ಪಂಕ್ಚರ್ ಅಂಗಡೀನಾ?" ಎಂದು ಏಣಿಯ ಮೇಲಿಂದ ಬೋರ್ಡು ಬರೆಯುವವನು ಕೇಳಿದ. ಅವನ ಬಾಯಿಗೆ ಬೀಗ ಮಾಡುವವನು ಇನ್ನೂ ಹುಟ್ಟಿರಲಿಲ್ಲ.

ಮೇಸ್ತ್ರಿ ಗೋಳದ ಸುತ್ತ ಒಂದು ಸುತ್ತು ಹಾಕಿದ, ಕಿಟಕಿಯವರೆಗೆ ಹೋಗಿ ಬಂದ, ಮತ್ತೊಂದು ಸುತ್ತು ಹಾಕಿದ. ಆಳೆತ್ತರದ ಗೋಳ. ಒಳಗೆ ಬೆತ್ತದ ಪಕ್ಕೆಲುಬುಗಳು, ಮೇಲೆ ನೀಲಿ ಹಸಿರು ಬಳಿದ ತೆಳು ರಬ್ಬರು, ಹೊಟ್ಟೆಯೊಳಗೆ ಕಮ್ಮಾರನ ಕುಲುಮೆಯಿಂದ ತಂದ ಹಳೆಯ ತಿದಿ. ಮೋಟಾರು ಒಂದು ಮರದ ಚಕ್ರವನ್ನು ತಿರುಗಿಸುತ್ತಿತ್ತು, ಚಕ್ರದ ಅಂಚಿನ ಉಬ್ಬು ಒಂದು ಸರಳನ್ನು ತಳ್ಳುತ್ತಿತ್ತು, ಸರಳು ತಿದಿಯನ್ನು ಒತ್ತುತ್ತಿತ್ತು. ಭೂಮಿ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಜೀವ ಮಾತ್ರ ಇರಲಿಲ್ಲ.

ಮ್ಯೂಸಿಯಮ್ಮಿನಲ್ಲಿ ಇಪ್ಪತ್ತಾರು ವರ್ಷದಿಂದ ಮರಗೆಲಸದ ಮೇಸ್ತ್ರಿ ಅವನು. ತಿಮಿಂಗಿಲಕ್ಕೆ ಇಲ್ಲದ ಮೂಳೆ ಕೂಡಿಸಿದವನು, ಜ್ವಾಲಾಮುಖಿಗೆ ತಗಡಿನ ಬಾಯಿ ಇಟ್ಟವನು. ಈಗ ಮೇಲಂತಸ್ತಿನಲ್ಲಿ ಹೊಸ ಕೋಣೆಯೊಂದು ಸಿದ್ಧವಾಗುತ್ತಿತ್ತು. ಭೂಮಿಗೆ ಜೀವವಿದೆ ಎಂದು ಯಾವ ಯಾವ ಕಾಲದ ಜನ ಹೇಗೆ ಹೇಗೆ ನಂಬಿದ್ದರು ಎನ್ನುವುದೇ ಅದರ ವಿಷಯ. ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಉದ್ಘಾಟನೆ.

"ತಿರುಗೋ ಭೂಮಿ ಎಲ್ಲಾ ಸ್ಕೂಲಲ್ಲೂ ಇದೆ ಮೇಸ್ತ್ರಿಗಳೇ," ಎಂದಿದ್ದರು ಆ ಕೋಣೆಯ ಹೊಣೆ ಹೊತ್ತ ಮೇಡಂ. "ಸಮುದ್ರ ಉಕ್ಕಿ ಇಳಿಯೋದು ಅಂದ್ರೆ ಭೂಮಿ ಉಸಿರಾಡೋದು ಅಂತ ಹಿಂದೆ ದೊಡ್ಡ ದೊಡ್ಡ ಪಂಡಿತರೇ ಹೇಳಿದ್ರು. ನನಗೆ ಆ ಭೂಮಿ ಬೇಕು."

ಈಗ ಬಂದು ನೋಡಿದ ಮೇಡಂ ಮುಖ ಸಣ್ಣದು ಮಾಡಿದರು. "ಕೆಲಸ ಅಚ್ಚುಕಟ್ಟಾಗಿದೆ. ಆದ್ರೆ ಮಿಷನ್ ಥರ ಕಾಣತ್ತೆ. ಮಲಗಿರೋ ಮನುಷ್ಯರನ್ನ ನೋಡಿದೀರಲ್ಲ? ಹಾಗಿರಬೇಕು."

"ನೋಡಿದೀನಿ ಮೇಡಂ," ಎಂದ ಮೇಸ್ತ್ರಿ. ನೋಡದೆ ಏನು! ಒಂದು ವರ್ಷದಿಂದ ಅವನು ಮನೆಯಲ್ಲಿ ಬೇರೇನನ್ನೂ ನೋಡಿರಲಿಲ್ಲ.

ಅವನ ಹೆಂಡತಿ ನೂಲಿನ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು. ಕೆಲಸ ಬಿಡುವಾಗ ಗಿರಣಿ ಅವಳಿಗೆ ಒಂದು ಗೋಡೆ ಗಡಿಯಾರ ಕೊಟ್ಟಿತ್ತು. ಎದೆ ತುಂಬ ಹತ್ತಿಯ ಧೂಳನ್ನು ಮೊದಲೇ ಕೊಟ್ಟಾಗಿತ್ತು. ಹೋದ ವರ್ಷ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದಳು. "ಹೋಗಿದ್ದು ಬರಲ್ಲ, ಇರೋದನ್ನ ಜೋಪಾನ ಮಾಡ್ಕೊಳ್ಳಿ," ಎಂದು ಡಾಕ್ಟರು ಮನೆಗೆ ಕಳಿಸಿದ್ದರು. ಆ ದಿನದಿಂದ ಮೇಸ್ತ್ರಿ ನಿಂತಲ್ಲಿ ನಿಲ್ಲ, ಕೂತಲ್ಲಿ ಕೂರ. ತಟ್ಟೆಯ ಮುಂದೆ ಕೂತವನು ಎರಡು ತುತ್ತಿಗೆ ಎದ್ದು ಅವಳ ಕೋಣೆಗೆ ಇಣುಕಿ ಬರುವನು. ಕೆಲಸದ ನಡುವೆ, ಉಳಿ ಮರೆತೆ, ಅಳತೆ ಪಟ್ಟಿ ಮರೆತೆ ಎಂದು ಮ್ಯೂಸಿಯಮ್ಮಿನ ಹಿಂದಿನ ಬೀದಿಯಲ್ಲಿದ್ದ ಮನೆಗೆ ಓಡುವನು. ಬಾಗಿಲಲ್ಲಿ ನಿಂತು ಅವಳ ಉಸಿರಿನ ಸದ್ದು ಕೇಳಿದ ಮೇಲೆಯೇ ಅವನ ಉಸಿರು ಬರುತ್ತಿದ್ದದ್ದು.

"ಏನ್ರೀ, ಅಂಗಿಯೊಳಗೆ ಇರುವೆ ಬಿಟ್ಕೊಂಡಿದೀರಾ? ಒಂದು ಗಳಿಗೆ ಕೂತ್ಕೊಳ್ಳಬಾರ್ದಾ?" ಎಂದು ಅವಳು ಬೈಯುತ್ತಿದ್ದಳು. ಅಷ್ಟು ಬೈಯುವುದಕ್ಕೆ ಅವಳು ನಡುವೆ ಎರಡು ಸಲ ನಿಲ್ಲಬೇಕಾಗುತ್ತಿತ್ತು.

ಮೇಡಂ ಹಾಗೆಂದ ಮರುದಿನ ಮಧ್ಯಾಹ್ನ ಅವಳು ಮಲಗಿದಾಗ ಮೇಸ್ತ್ರಿ ಹೊಸ್ತಿಲ ಮೇಲೆ ಕೂತು ಕಿಸೆಯಿಂದ ವಾಚು, ಪುಟ್ಟ ನೋಟ್‌ಬುಕ್ಕು ತೆಗೆದ. ಉಸಿರು ಏರಿದರೆ ಮೇಲಕ್ಕೊಂದು ಗೀಟು, ತಡೆದರೆ ಚುಕ್ಕಿ, ಇಳಿದರೆ ಕೆಳಗೊಂದು ಉದ್ದ ಗೀಟು. ಪಕ್ಕದಲ್ಲಿ ನಿಮಿಷಕ್ಕೆ ಎಷ್ಟು ಎಂದು ಅಂಕಿ. ಹೀಗೆ ದಿನವೂ ಬರೆದ. ಬರೆಯುತ್ತ ಬರೆಯುತ್ತ ಅವನಿಗೆ ಒಂದು ಗುಟ್ಟು ತಿಳಿಯಿತು. ಏಳು ಉಸಿರು ಮೇಲೆ ಮೇಲೆ, ಅವಸರದವು. ಎಂಟನೆಯದು ಎದೆಯಲ್ಲೆಲ್ಲೋ ಸಿಕ್ಕಿಕೊಂಡು ನಿಲ್ಲುವುದು. ನೋಡುವವನ ಜೀವ ಬಾಯಿಗೆ ಬರುವಷ್ಟು ಹೊತ್ತು ನಿಂತು, ಆಮೇಲೆ ನಿಟ್ಟುಸಿರಾಗಿ ಉದ್ದಕ್ಕೆ ಇಳಿಯುವುದು. ಹೆಚ್ಚುಕಡಿಮೆ ಪ್ರತಿ ಸಲವೂ ಎಂಟನೆಯದೇ.

ಒಂಟಿ ಉಬ್ಬಿನ ಆ ಚಕ್ರವನ್ನು ಬಿಚ್ಚಿ ಮೂಲೆಗೆ ಎಸೆದು, ಮೊರದಗಲದ ಹೊಸ ಚಕ್ರ ಕೊಯ್ದ. ಅದರ ಅಂಚಿನಲ್ಲಿ ಏಳು ಸಣ್ಣ ಉಬ್ಬು, ಒಂದು ದೊಡ್ಡದು. ಚಕ್ರ ಒಂದು ಸುತ್ತು ಬಂದರೆ ಎಂಟು ಉಸಿರು. ಉಜ್ಜುಕಾಗದ ಹಿಡಿದು ಆ ದೊಡ್ಡ ಉಬ್ಬನ್ನು ಎರಡು ದಿನ ತಿದ್ದಿದ.

ಗುರುವಾರ ಮೋಟಾರು ಹಾಕಿದಾಗ ಬೋರ್ಡಿನವನು ಏಣಿಯಿಂದ ಇಳಿದು ಬಂದ. ಅವನಿಗೂ ಮಾತು ಹೊರಡಲಿಲ್ಲ ಎಂದ ಮೇಲೆ ಉಳಿದದ್ದು ಹೇಳಬೇಕಾಗಿಲ್ಲ. ಎಂಟನೆಯ ಉಸಿರು ತಡೆದು ನಿಂತಾಗ ಮೇಡಂ ತಮಗೇ ತಿಳಿಯದೆ ಎದೆಯ ಮೇಲೆ ಕೈಯಿಟ್ಟುಕೊಂಡರು. ಅದು ಇಳಿದಾಗ, "ಬಂತು ಮೇಸ್ತ್ರಿಗಳೇ, ಜೀವ ಬಂತು," ಎಂದರು.

ಸಂಜೆ ಐದಕ್ಕೆ ಸ್ವಿಚ್ಚು ಆರಿಸಬೇಕು. ಮೇಸ್ತ್ರಿ ಗೋಡೆಯವರೆಗೆ ಹೋದ, ವಾಪಸು ಬಂದ. "ನೀನೇ ಆರಿಸಪ್ಪ, ನನ್ನ ಕೈಯೆಲ್ಲ ಗ್ರೀಸು," ಎಂದು ಬೋರ್ಡಿನವನಿಗೆ ಹೇಳಿ ಸರಸರ ಮೆಟ್ಟಿಲಿಳಿದುಬಿಟ್ಟ. ಅವನ ಕೈಯಲ್ಲಿ ಗ್ರೀಸಿನ ಕಲೆಯೂ ಇರಲಿಲ್ಲ. ಶುಕ್ರವಾರವೂ ಅದೇ ಕೈ, ಅದೇ ಗ್ರೀಸು.

ಶುಕ್ರವಾರ ಮನೆಗೆ ಬಂದರೆ ಹೆಂಡತಿ ಮಂಚದ ಮೇಲೆ ನೆಟ್ಟಗೆ ಕೂತಿದ್ದಳು. ತೊಡೆಯ ಮೇಲೆ ಒಗೆಯಲು ತೆಗೆದ ಅವನ ಅಂಗಿ, ಅಂಗಿಯ ಮೇಲೆ ನೋಟ್‌ಬುಕ್ಕು.

"ಸೋಮವಾರ ಇಪ್ಪತ್ತಾರು," ಎಂದು ಓದಿದಳು. "ಮಂಗಳವಾರ ಇಪ್ಪತ್ತೇಳು. ಬುಧವಾರ ಇಪ್ಪತ್ತೊಂಬತ್ತು. ಏನ್ರೀ ಇದು?"

ಮೇಸ್ತ್ರಿ ನೋಟ್‌ಬುಕ್ಕಿಗೆ ಕೈ ಚಾಚಿದ. "ಅದು... ಕೆಲಸದ್ದು ಕಣೆ."

"ನನ್ನ ಪಕ್ಕದ ಮಂಚದಲ್ಲಿ ಒಬ್ಬರು ಅಜ್ಜಿ ಇದ್ರಲ್ಲ ಆಸ್ಪತ್ರೇಲಿ, ನೆನಪಿದೆಯಾ? ಒಂದು ಸಂಜೆ ನರ್ಸಮ್ಮ ಬಂದು ವಾಚ್ ನೋಡ್ಕೊಂಡು ಅವರ ಉಸಿರು ಎಣಿಸಿದ್ರು. ಎಣಿಸಿ ಬರ್ಕೊಂಡು ಹೋದ್ರು. ಬೆಳಗಾಗೋ ಹೊತ್ತಿಗೆ ಮಂಚ ಖಾಲಿ." ಅವಳು ನಿಂತು ಉಸಿರು ತೆಗೆದುಕೊಂಡಳು. "ನೀವೂ ಶುರು ಮಾಡಿದ್ರಾ? ಎಷ್ಟು ಉಳಿದಿದೆ ಅಂತ ಬಂತು ಲೆಕ್ಕ?"

"ಅಯ್ಯೋ, ಹಾಗಲ್ವೇ! ಭೂಮಿಗೆ... ಆ ಗೋಳಕ್ಕೆ..."

"ಭೂಮಿಗೆ ಶ್ವಾಸಕೋಶ ಇಲ್ಲ. ನನಗಿದೆ, ಅದೂ ಅರ್ಧ. ಅದನ್ನಾದ್ರೂ ನನ್ನ ಪಾಡಿಗೆ ಬಿಡಿ."

ಶನಿವಾರ ಅವಳು ಮಾತಾಡಲಿಲ್ಲ. ಬೈಗುಳವೂ ಇಲ್ಲ. ಅವನು ಕೋಣೆಗೆ ಬಂದರೆ ಗೋಡೆಯ ಕಡೆ ತಿರುಗಿ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಳ್ಳುವಳು. ಅವನ ಕಣ್ಣು ತನ್ನ ಎದೆಯ ಮೇಲೆ ಬಿತ್ತು ಅನ್ನಿಸಿದರೆ ಸಾಕು, ಉಸಿರು ಬಿಗಿ ಹಿಡಿಯುವಳು. ಹಿಡಿದು ಹಿಡಿದು ಕೆಮ್ಮು ಬರುವುದು. ಇಂಥ ಮೊಂಡು ಹೆಂಗಸಿನ ಜೊತೆ ಮೂವತ್ತೊಂದು ವರ್ಷ ಬಾಳಿದವನಿಗೆ ಈಗ ಅವಳ ಮುಂದೆ ನಿಲ್ಲುವುದಕ್ಕೂ ಭಯವಾಯಿತು. ತಾನು ನಿಂತರೆ ಅವಳಿಗೆ ಉಸಿರು ಕಟ್ಟುತ್ತದೆ. ಅಂಗಳಕ್ಕೆ ಹೋದ, ಒಳಗೆ ಬಂದ, ಮತ್ತೆ ಹೋದ. ಏನು ಮಾಡಿಕೊಂಡೆ ನಾನು ಎಂದು ಹಣೆ ಹಣೆ ಚಚ್ಚಿಕೊಂಡ.

ಭಾನುವಾರ ತಡೆಯಲಾಗಲಿಲ್ಲ. "ಒಂದ್ಸಲ ಬಂದು ನೋಡು. ನೋಡಿದ ಮೇಲೆ ನೀನು ಏನು ಅಂದ್ರೂ ಅನ್ನಿಸ್ಕೋತೀನಿ," ಎಂದ.

ಅವಳು ಗೋಡೆಯನ್ನೇ ನೋಡುತ್ತಿದ್ದಳು. ಬಹಳ ಹೊತ್ತಾದ ಮೇಲೆ ಎದ್ದು ಸೀರೆ ಸರಿಮಾಡಿಕೊಂಡಳು. "ನಡೀರಿ. ನನ್ನ ಉಸಿರು ಯಾರಿಗೆ ಕೊಟ್ಟು ಬಂದಿದೀರಿ ಅಂತ ನಾನೂ ನೋಡಬೇಡ್ವಾ?"

ಮ್ಯೂಸಿಯಮ್ಮಿನ ಮೆಟ್ಟಿಲು ಹತ್ತುವುದಕ್ಕೆ ಮೂರು ಕಡೆ ನಿಂತರು. ಕೈ ಕೊಡಲು ಹೋದರೆ ಅವಳು ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದಳು. ಮೇಲೆ ಬೋರ್ಡಿನವನು ಕೊನೆಯ ಬೋರ್ಡಿಗೆ ಬಣ್ಣ ತುಂಬುತ್ತಿದ್ದ. "ಬನ್ನಿ ಅತ್ತಿಗೆ," ಎಂದವನು, ಮೇಸ್ತ್ರಿಯ ಮುಖ ನೋಡಿ, ಆಶ್ಚರ್ಯ, ಮುಂದಿನ ಮಾತು ನುಂಗಿ ಕುಂಚ ಅದ್ದಿದ.

ಗೋಳ ಇದ್ದದ್ದು ಉದ್ದ ಕೋಣೆಯ ಆ ತುದಿಯಲ್ಲಿ. ಹತ್ತು ಹೆಜ್ಜೆಗೊಮ್ಮೆ ಅವಳು ನಿಲ್ಲಬೇಕಿತ್ತು, ನಿಂತಲ್ಲೆಲ್ಲ ಒಂದು ಬೋರ್ಡು ಇತ್ತು. ಹಾಗಾಗಿ ಒಂದೂ ಬಿಡದೆ ಓದಿದಳು. ನೆಲವನ್ನು ತಾಯಿ ಎಂದವರು. ಬೆಟ್ಟ ಅವಳ ಮೂಳೆ, ನದಿ ಅವಳ ನೆತ್ತರು ಎಂದವರು. ಭೂಕಂಪ ಎಂದರೆ ಅವಳ ಹೊಟ್ಟೆಯ ವಾಯು ಎಂದವರು. ಅದನ್ನು ಓದಿ ಅವಳ ತುಟಿ ಕೊಂಚ ಅಲುಗಿತು.

ನಾಲ್ಕನೆಯ ಬೋರ್ಡಿನ ಮುಂದೆ ಹೆಚ್ಚು ಹೊತ್ತು ನಿಂತಳು. ಹಳೆಯ ಕಾಲದ ಕೆಲವು ಕಡೆ ಗಣಿಯಲ್ಲಿ ಅದಿರು ತೀರುತ್ತ ಬಂದರೆ ಬಾಯಿ ಮುಚ್ಚಿ ಕೆಲವು ವರ್ಷ ಬಿಟ್ಟುಬಿಡುತ್ತಿದ್ದರಂತೆ. ಭೂಮಿಗೆ ದಣಿವಾಗಿದೆ, ಸುಧಾರಿಸಿಕೊಂಡರೆ ಒಳಗೆ ಮತ್ತೆ ಬೆಳೆಯುತ್ತದೆ ಎಂದು ನಂಬಿದ್ದರಂತೆ.

"ಬೆಳೀತಿತ್ತಾ?" ಎಂದು ಕೇಳಿದಳು. ಎರಡು ದಿನದಲ್ಲಿ ಅವನೊಡನೆ ಆಡಿದ ಎರಡನೆಯ ಮಾತು.

"ಗೊತ್ತಿಲ್ಲ. ಬೆಳೀತಿರಲಿಲ್ಲ ಅಂತ ಕಾಣತ್ತೆ."

"ಬೆಳೀದಿದ್ರೂ ಪರವಾಗಿಲ್ಲ. ರಜ ಕೊಟ್ರಲ್ಲ. ನಮ್ಮ ಗಿರಣಿಯೋರಿಗೆ ಈ ಬುದ್ಧಿ ಇದ್ದಿದ್ರೆ!"

"ಅತ್ತಿಗೆ, ನನ್ನ ಬೋರ್ಡನ್ನ ಇಷ್ಟು ನಿಧಾನವಾಗಿ ಓದಿದೋರು ನೀವೇ ಮೊದಲು," ಎಂದು ಬೋರ್ಡಿನವನು ತಡೆಯಲಾರದೆ ಹೇಳಿದ. ಹೇಳಿ, ಕುಂಚ ತೊಳೆಯುವ ನೆಪದಲ್ಲಿ ಕೆಳಗೆ ಹೋದ. ಮುಂದೆ ಭೂಮಿಯನ್ನು ಬರೀ ಗಡಿಯಾರ ಎಂದವರಿದ್ದರು. ಕೊನೆಯಲ್ಲಿ, ಗಾಳಿ ನೀರು ಗಿಡ ಪ್ರಾಣಿ ಎಲ್ಲ ಸೇರಿ ತನ್ನ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಒಂದೇ ಒಡಲು ಇದು ಎನ್ನುವ ಈ ಕಾಲದವರು. ಆ ಬೋರ್ಡಿನ ಬಣ್ಣ ಇನ್ನೂ ಹಸಿಯಾಗಿತ್ತು.

ಗೋಳದ ಎದುರಿನ ಬೆಂಚಿನ ಮೇಲೆ ಅವಳು ಕೂತಳು. ಮೇಸ್ತ್ರಿ ಸ್ವಿಚ್ಚು ಹಾಕಿದ. ಹಾಕುವುದಕ್ಕೆ ಅವನ ಕೈಗೆ ಯಾವ ಗ್ರೀಸೂ ಅಡ್ಡ ಬರಲಿಲ್ಲ.

ಭೂಮಿ ಏರಿತು, ಇಳಿಯಿತು. ಏರಿತು, ಇಳಿಯಿತು. ಅವಳು ತಲೆಯೋರೆ ಮಾಡಿ ಕೇಳಿದಳು, ಗಿರಣಿಯಲ್ಲಿ ಮಗ್ಗುಲಿನ ಯಂತ್ರ ಕೆಟ್ಟಾಗ ಕೇಳುತ್ತಿದ್ದ ಹಾಗೆ. ಎಂಟನೆಯದು ಸಿಕ್ಕಿಕೊಂಡು ನಿಂತಿತು. ಅವಳ ಬೆರಳು ಬೆಂಚಿನ ಅಂಚನ್ನು ಹಿಡಿದವು. ಆಮೇಲೆ ಅದು ಉದ್ದಕ್ಕೆ ಇಳಿಯಿತು.

"ಇದು ನಾನಾ?"

"ಹೂಂ."

"ಇಷ್ಟು ಕಷ್ಟ ಪಡ್ತೀನಾ ನಾನು?" ಅವಳ ದನಿ ಸಣ್ಣಗಾಯಿತು. "ಒಳಗಿಂದ ಇಷ್ಟು ಗೊತ್ತಾಗಲ್ಲ ಕಣ್ರೀ."

ಮೇಸ್ತ್ರಿ ಕಿಟಕಿಗೆ ಹೋದ, ಬಂದ. "ಉಳಿದದ್ದು ಎಷ್ಟು ಅಂತ ಎಣಿಸಲಿಲ್ಲ ಕಣೆ, ನಿನ್ನಾಣೆ. ಇದಕ್ಕೆ ಜೀವ ಬರಲಿ ಅಂತ ಬರ್ಕೊಂಡೆ. ಬರ್ಕೊಳ್ತಾ ಬರ್ಕೊಳ್ತಾ..." ಮತ್ತೆ ಕಿಟಕಿಗೆ ಹೋದ. ಆ ಕಡೆ ಮುಖ ಮಾಡಿಕೊಂಡೇ ಹೇಳಿದ. "ಒಂದು ದಿನ ನಾನು ಬಾಗಿಲು ತೆಗೆದಾಗ ಸದ್ದೇ ಇರಲ್ಲ ಅಂತ ಭಯ ನನಗೆ. ದಿನಾ ಭಯ. ಸಾಯ್ತಾ ಇದೀನಿ ಆ ಭಯದಲ್ಲಿ."

"ಅದಕ್ಕೆ ಇಲ್ಲೊಂದು ಮಾಡಿಟ್ಕೊಂಡ್ರಾ?"

ಅವನು ಹೌದೆಂದು ತಲೆಯಾಡಿಸಿದ. ಅವನಿಗೇ ಅದು ಗೊತ್ತಾದದ್ದು ಆಗ.

"ಸಂಜೆ ಯಾರು ನಿಲ್ಲಿಸ್ತಾರೆ ಇದನ್ನ?"

"ನಾಳೆಯಿಂದ ವಾಚ್‌ಮನ್."

"ನೀವು ಒಂದ್ಸಲನಾದ್ರೂ ನಿಲ್ಲಿಸಿದೀರಾ?"

ಮೇಸ್ತ್ರಿ ತನ್ನ ಅಂಗೈ ನೋಡಿಕೊಂಡ.

"ನಿಲ್ಲಿಸಿ ಈಗ. ಪಾಪ, ಅವಳಿಗೂ ಸುಸ್ತಾಗಿದೆ."

ಅವನು ಗೋಡೆಯವರೆಗೆ ಹೋದ. ಕೈ ಎತ್ತಿದ. ಗೋಳ ಐದನೆಯದೋ ಆರನೆಯದೋ ಉಸಿರಿನಲ್ಲಿತ್ತು. ಕೈ ಇಳಿಸಿದ. "ಆಗಲ್ಲ ಕಣೆ. ಬೇಡ. ಹೀಗೇ ಇರಲಿ ಬಿಡು," ಎಂದ ಅರವತ್ತರ ಆ ಗಂಡಸು, ಮಗುವಿನ ಹಾಗೆ.

ಅವಳು ಬೆಂಚಿಗೆ ಕೈಯೂರಿ ಎದ್ದಳು. ಒಂಬತ್ತು ಹೆಜ್ಜೆ, ನಡುವೆ ಒಮ್ಮೆ ನಿಂತಳು. ಅವನನ್ನು ಭುಜದಿಂದ ಕೊಂಚ ಪಕ್ಕಕ್ಕೆ ಸರಿಸಿ ಸ್ವಿಚ್ಚು ಆರಿಸಿದಳು.

ಮೋಟಾರು ನಿಂತಿತು. ತಿದಿಯಲ್ಲಿದ್ದ ಗಾಳಿ ಉಸ್ಸೆಂದು ಹೊರಟು, ರಬ್ಬರು ಬೆತ್ತಕ್ಕೆ ಅಂಟಿಕೊಂಡು ಭೂಮಿ ಇಳಿದು ಕೂತಿತು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡಿದ್ದ. ಕೋಣೆಯಲ್ಲಿ ಒಂದು ಕ್ಷಣ ಏನೂ ಇರಲಿಲ್ಲ. ಆಮೇಲೆ ಕಿವಿಯ ಹತ್ತಿರವೇ ಅದು ಕೇಳಿಸಿತು: ಏರಿತು, ಇಳಿಯಿತು, ಏರಿತು.

"ಕಣ್ಣು ಬಿಡ್ರೀ," ಎಂದಳು. "ಎಡಗಡೆ ಬೇರಿಂಗು ಕಿರ್ ಅನ್ನತ್ತೆ, ಎಣ್ಣೆ ಬಿಡಿ. ಅದು ನಂದಲ್ಲ."

ಅವನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಎಣ್ಣೆಯ ಡಬ್ಬಿಗಾಗಿ ಹೊರಟವನ ಅಂಗಿಯ ತುದಿ ಹಿಡಿದು ಅವಳು ಬೆಂಚಿನ ಕಡೆ ಎಳೆದಳು. ಅವನ ಕಿಸೆಯಿಂದ ವಾಚು ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಅವನ ಎದೆಯನ್ನೇ ನೋಡುತ್ತ ತುಟಿಯಲ್ಲೇ ಏನೋ ಎಣಿಸತೊಡಗಿದಳು.

"ಮೂವತ್ತೆರಡು," ಎಂದಳು ಕೊನೆಗೆ. "ನನಗಿಂತ ಜಾಸ್ತಿ! ಕೂತ್ಕೊಳ್ಳಿ ಸುಮ್ನೆ."

ಮೇಸ್ತ್ರಿ ಕೂತ. ಎದುರಿಗೆ ಸುಕ್ಕುಗಟ್ಟಿದ ಭೂಮಿ ಕಿಟಕಿಯ ಬಿಸಿಲಿನಲ್ಲಿ ಅಲುಗದೆ ಇತ್ತು. ಪಕ್ಕದಲ್ಲಿ ಅವಳ ಎಂಟನೆಯದು ತಡೆದು ನಿಂತಿತು, ಇಳಿಯಿತು. ಅವನು ಏಳಲಿಲ್ಲ. ಅವಳು ವಾಚನ್ನು ಬಿಸಿಲಿಗೆ ಹಿಡಿದು ಮತ್ತೆ ಒಂದರಿಂದ ಶುರು ಮಾಡಿದಳು.