ಹೊಟ್ಟೆಯ ಮೇಲಿನ ದಾರ

ಬಚ್ಚಲಿನಿಂದ ಕೂಸಿನ ಅಳು ಬಂತು, ಅದರ ಹಿಂದೆಯೇ ಎಣ್ಣೆಯ ವಾಸನೆ ಹೊತ್ತ ಬಿಸಿ ಹಬೆ. ಪಡಸಾಲೆಯ ಗೋಡೆಗೆ ಒರಗಿದ್ದ ಭೀಮಾಬಾಯಿ ಕಣ್ಣು ಮುಚ್ಚಿಕೊಂಡಳು. ಒಳಗೆ ನೆರೆಮನೆಯ ಸುಂದರಾ ಕಾಲು ಚಾಚಿ ಕೂತು, ಭೀಮಾಬಾಯಿಯ ಮೊಮ್ಮಗಳಿಗೆ ನೀರೆರೆಯುತ್ತಿದ್ದಳು.

ಜುಗೂಳ ಊರಿನ ಅರ್ಧ ಕೂಸುಗಳು ಭೀಮಾಬಾಯಿಯ ಕಾಲ ಮೇಲೆ ಮಿಂದೇ ದೊಡ್ಡವಾಗಿದ್ದವು. ಸ್ವಂತ ಮಗಳು ಕೋಮಲ ಚೊಚ್ಚಲ ಬಾಣಂತನಕ್ಕೆ ಬಂದಾಗಲೇ ಅವಳಿಗೆ ಬಗ್ಗಲಾಗದೆ ಹೋಯಿತು. ಭೀಮಾಬಾಯಿ ಗರ್ಭಚೀಲ ತೆಗೆಸಿಕೊಂಡು ಬಂದ ವಾರವೇ ಮಗಳು ಹೆತ್ತಿದ್ದಳು. ಈಗ ಗಾಯವೇನೋ ಮಾಯ್ದಿತ್ತು. ಆದರೆ ಹೊಲಿಗೆಯ ತುದಿಯಲ್ಲಿ ಒಂದೆಳೆ ನೀಲಿ ದಾರ ಇನ್ನೂ ಹೊರಗೆ ಇಣುಕುತ್ತಿತ್ತು. ನಿರಿಗೆ ತಾಗಿದರೆ ಚುಚ್ಚುತ್ತಿತ್ತು, ಸುಮ್ಮನಿದ್ದರೆ ತುರಿಸುತ್ತಿತ್ತು.

ತಾನಾಗೇ ಉದುರುತ್ತದೆ ಎಂದಿದ್ದಳು ನರ್ಸಮ್ಮ. ಆಯುಷ್ಯವೆಲ್ಲ ಹಳೇ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿದವಳು ಆ ಮಾತು ನಂಬುತ್ತಾಳೆಯೇ? ಗಂಟಿಲ್ಲದ ತುದಿ ಎಳೆದರೆ ಸಾಲಿಗೆ ಸಾಲೇ ಬಿಚ್ಚಿಕೊಳ್ಳುತ್ತದೆ. ತನ್ನ ಹೊಟ್ಟೆಯೂ ಹಾಗೇ ಬಾಯಿ ಬಿಟ್ಟೀತೆಂದು ಅವಳಿಗೆ ಭಯ. ಹೇಳಿದರೆ ನಗುತ್ತಾರೆಂದು ತುಟಿ ಬಿಚ್ಚಿರಲಿಲ್ಲ.

ಮಧ್ಯಾಹ್ನದ ಜೊಂಪಿನ ಕನಸಿನಲ್ಲಿ ಅವಳೇ ಒಂದು ಕೌದಿಯಾಗಿ ಹೊಳೆದಂಡೆಯಲ್ಲಿ ಹಾಸಿಕೊಂಡು ಬಿದ್ದಿದ್ದಳು. ಯಾರೋ ಆ ನೀಲಿ ದಾರದ ತುದಿ ಹಿಡಿದು ಕೃಷ್ಣೆಯ ಆಚೆ ದಡಕ್ಕೆ ನಿಧಾನ ನಡೆದು ಹೋಗುತ್ತಿದ್ದರು. ಅವ್ವನ ಹಳೇ ಇಳಕಲ್ ಸೀರೆಯ ತುಂಡು, ಕೋಮಲಳ ಪುಟ್ಟ ಲಂಗ, ಒಂದೊಂದೇ ಕಳಚಿ ನೀರಿನಲ್ಲಿ ತೇಲಿದವು. ನೋವಿರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಎಚ್ಚರವಾದಾಗ ಎರಡೂ ಕೈ ಹೊಟ್ಟೆಯನ್ನು ಒತ್ತಿ ಹಿಡಿದಿದ್ದವು.

ಮರುದಿನ ನೀರು ಕಾದಿತ್ತು, ಕೂಸಿಗೆ ಎಣ್ಣೆಯೂ ಹಚ್ಚಿಯಾಗಿತ್ತು. ಸುಂದರಾಳ ಸುಳಿವಿಲ್ಲ.

"ಅವ್ವಾ, ಸುಂದರಕ್ಕ ಬರಾಂಗಿಲ್ಲಂತ. ಅವರ ಹೊಲಕ್ಕ ಕಬ್ಬ ಕಡಿಯೋ ಗ್ಯಾಂಗ್ ಬಂದೈತಿ," ಎಂದಳು ಕೋಮಲ. "ಇವತ್ತೊಂದಿನ ಹಸಿ ಅರಿವಿಲೆ ಮೈ ಒರಸಿ ಬಿಡ್ಲೇನು?"

"ನಾಳೆ ಯಡೂರಿಗೆ ಹೋಗಾಕಿ ಅಲ್ಲೇನ ನೀ?"

"ಹೌದು. ನಸಕಿನ್ಯಾಗ ಗಾಡಿ ಕಳಸ್ತಾರಂತ ಅತ್ತಿಯವರು."

ಭೀಮಾಬಾಯಿ ಗೋಡೆ ಹಿಡಿದು ಎದ್ದಳು. "ಕೂಸಿನ್ನ ತಗೊಂಡ ಬಾ."

"ಬ್ಯಾಡವ್ವಾ, ಹೊಲಿಗಿ ಟಾಕಿ ಜಗ್ಗತಾವು ನಿನಗ."

"ಜಗ್ಗಲಿ. ಬಿಚ್ಚಿದ್ರ ಬಿಚ್ಚಲಿ."

"ಅಯ್ಯ, ಏನ ಬಿಚ್ಚೂದು?"

ಭೀಮಾಬಾಯಿ ಆಗಲೇ ಒಳಗೆ ನಡೆದಿದ್ದಳು. ಬಚ್ಚಲಿನ ಮಣೆಯ ಮೇಲೆ ಕೂತು, ಸೀರೆ ಮೇಲಕ್ಕೆತ್ತಿ ಕಾಲು ಚಾಚಿದಳು. ಕೋಮಲ ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿದಳು. ನೀರೆರೆಯಲು ಭೀಮಾಬಾಯಿ ಬಗ್ಗಿದಾಗ ಹೊಟ್ಟೆ ಚುರ್ರೆಂದಿತು. ಒಳಗೆ ಏನೋ ಸರಿದಂತಾಯಿತು. ಹೋಯಿತು, ಸಾಲು ಹೋಯಿತು ಎಂದುಕೊಂಡಳು. ಆದರೂ ಕೈ ನಿಲ್ಲಲಿಲ್ಲ. ಬೆನ್ನಿಗೆ ನೀರು, ತೊಡೆಗೆ ನೀರು. ಅಳುತ್ತಿದ್ದ ಕೂಸು ಬಿಸಿ ಹತ್ತಿದ್ದೇ ಬಾಯಿ ಮುಚ್ಚಿ, ಹಬೆಯಲ್ಲಿ ಅಜ್ಜಿಯನ್ನು ಪಿಳಿಪಿಳಿ ನೋಡತೊಡಗಿತು.

ಕಾಲು ತೊಳೆಯುವಾಗ ಅದರ ಪುಟ್ಟ ಹಿಮ್ಮಡಿಗೆ ಏನೋ ಅಂಟಿತ್ತು. ಬೆರಳ ತುದಿಗೆ ತೆಗೆದುಕೊಂಡಳು. ನೀಲಿ ದಾರ, ಅಕ್ಕಿಕಾಳಿನಷ್ಟೂ ಉದ್ದವಿಲ್ಲ. ಒದ್ದೆ ಸೀರೆ ಸರಿಸಿ ಮೆಲ್ಲಗೆ ಮುಟ್ಟಿ ನೋಡಿಕೊಂಡಳು. ಹೊಲಿಗೆ ಇದ್ದ ಹಾಗೇ ಇತ್ತು, ಇಣುಕುತ್ತಿದ್ದ ದಾರ ಮಾತ್ರ ಇರಲಿಲ್ಲ. ಅವಳಿಗೆ ನಗು ಬಂತು, ತಡೆಯಲಾಗದಷ್ಟು.

"ಸಾಕವ್ವಾ, ಕೂಸಿಗಿ ಥಂಡಿ ಆದೀತು," ಎಂದು ಕೋಮಲ ಅರಿವೆ ಹಿಡಿದು ನಿಂತಳು.

"ತಡಿ, ಇನ್ನೊಂದ ತಂಬಗಿ ನೀರ," ಎಂದು ಭೀಮಾಬಾಯಿ ಹಂಡೆಗೆ ಕೈ ಚಾಚಿದಳು.