ಮೂವತ್ತು ಎಣಿಸುವಷ್ಟು ಬೆಳಕು

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರೆ. ಅಕ್ಕತಮ್ಮಂದಿರನ್ನು ಬಿಟ್ಟು ಗಾದೆ ಕಟ್ಟಿದವರು ಈ ಮನೆಯ ಕಡೆ ತಲೆ ಹಾಕಿದವರಲ್ಲ. ಕೆಳಗೆ ತಮ್ಮ, ಮಹಡಿಯಲ್ಲಿ ಅಕ್ಕ, ನಡುವೆ ಇಪ್ಪತ್ನಾಲ್ಕು ಮೆಟ್ಟಿಲು. ತಾಯಿಯ ಮಂಚ ತನಗೆ ಬೇಕು ಅಂತ ಅಕ್ಕ ಕೇಳಿದಾಗ ತಮ್ಮ, "ಮೆಟ್ಟಿಲು ಹತ್ತಿದರೆ ತಗೊಂಡು ಹೋಗು" ಅಂದಿದ್ದರು. ಮಂಚ ತಿರುವಿನಲ್ಲಿ ಸಿಕ್ಕಿಕೊಂಡಿತು, ತಿರುಗಿ ಕೆಳಗೇ ಬಂತು. ಅವತ್ತಿನಿಂದ ಮೂರು ವರ್ಷ ಇಬ್ಬರ ನಡುವೆ ಮಾತಿಲ್ಲ, ಬೈಗುಳ ಮಾತ್ರ.

ಈ ಅಡಕತ್ತರಿಯಲ್ಲಿ ಸಿಕ್ಕವಳು ತಮ್ಮನ ಸೊಸೆ. ಸ್ಟೆಬಿಲೈಸರ್, ಯುಪಿಎಸ್ ರಿಪೇರಿ ಮಾಡುವ ಅಂಗಡಿಯಲ್ಲಿ ಅವಳ ಕೆಲಸ. ಗಂಡ ಬಸ್ ಓಡಿಸುತ್ತಿದ್ದ. ಅಪ್ಪನ ಮಾತಿಗೂ ಹೂಂ, ಮಹಡಿಯ ಅತ್ತೆಯ ಮಾತಿಗೂ ಹೂಂ ಅಂದು ಡ್ಯೂಟಿಗೆ ಹೋಗುತ್ತಿದ್ದ.

ಮೆಟ್ಟಿಲಿರುವ ಕಡೆ ಒಂದು ಕಿಟಕಿಯೂ ಇಲ್ಲ. ಮಟಮಟ ಮಧ್ಯಾಹ್ನವೂ ಅಲ್ಲಿ ಕತ್ತಲೆ. ಮಹಡಿಯ ದೊಡ್ಡತ್ತೆ ಬೆಳಿಗ್ಗೆ ಲೈಟು ಹಾಕಿದರೆ ಆರಿಸುತ್ತಿರಲಿಲ್ಲ. ಬೇಕೆಂದೇ ಹಾಗೆ ಮಾಡುತ್ತಾಳೆ ಅನ್ನುವುದು ಮಾವನ ದೂರು. ಸುಳ್ಳೇನಲ್ಲ, ಅರ್ಧ ಬೇಕೆಂದೇ ಮಾಡುತ್ತಿದ್ದರು.

ಒಂದು ಭಾನುವಾರ ಮಾವ ಅಪ್ಪಣೆ ಕೊಟ್ಟರು. "ಊರವರ ಸಾಮಾನೆಲ್ಲ ರಿಪೇರಿ ಮಾಡ್ತೀಯಲ್ಲ, ಮನೆಗೂ ಒಂದು ಕೆಲಸ ಮಾಡು. ಗುಂಡಿ ಒತ್ತಿದ್ರೆ ಲೈಟು ಹತ್ತಬೇಕು, ಆಮೇಲೆ ತಾನೇ ಆರಬೇಕು. ಅವಳ ಕೈಗೆ ಸ್ವಿಚ್ಚೇ ಸಿಗಬಾರದು."

ಅವಳು ಊಟದ ಮೇಜಿನ ಮೇಲೆ ಬ್ರೆಡ್‌ಬೋರ್ಡ್ ಇಟ್ಟಳು. ಅಂಗೈಯಗಲದ ಬಿಳಿ ಹಲಗೆ, ಮೈತುಂಬ ತೂತು. ಬೆಸುಗೆ ಬೇಕಿಲ್ಲ, ಕಾಲು ಚುಚ್ಚಿದರೆ ಸಾಕು. ನಡುವಿನ ಕಾಲುವೆಯ ಆಚೆ ನಾಲ್ಕು, ಈಚೆ ನಾಲ್ಕು ಕಾಲೂರುವಂತೆ ಟೈಮರ್ ಚಿಪ್ಪನ್ನು ಕೂರಿಸಿದಳು. ಪಕ್ಕದಲ್ಲಿ ಕೆಪಾಸಿಟರ್, ರೆಸಿಸ್ಟರ್, ಗುಂಡಿಯಿಂದ ಬರುವ ತಂತಿ, ಲೈಟು ಹಚ್ಚುವ ರಿಲೇ.

"ಹೊತ್ತು ತೀರ್ಮಾನ ಮಾಡೋದು ಯಾವುದು?" ಮಾವ ಕೇಳಿದರು.

"ಈ ಕೆಪಾಸಿಟರ್ ಕೊಡ ಅಂದ್ಕೊಳ್ಳಿ. ರೆಸಿಸ್ಟರ್ ನಲ್ಲಿ. ನಲ್ಲಿ ಬಿಗಿಯಾದಷ್ಟೂ ಕೊಡ ತುಂಬೋದು ನಿಧಾನ. ತುಂಬಿದ ಕೂಡಲೇ ಲೈಟು ಆರುತ್ತೆ."

ಮಾವ ರೆಸಿಸ್ಟರನ್ನು ಕಣ್ಣ ಹತ್ತಿರ ಹಿಡಿದರು. "ಕೆಂಪು, ನೇರಳೆ, ಹಳದಿ" ಎಂದು ಪಟ್ಟಿಗಳನ್ನು ಓದಿದರು. ನಲವತ್ತು ವರ್ಷ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವರು. ಒಮ್ಮೆ ಕಂಡ ಬಣ್ಣ ಮರೆಯುವ ಜನ ಅಲ್ಲ. ಆಮೇಲೆ ಕೈಗಡಿಯಾರ ನೋಡಿಕೊಂಡು ತಾವೇ ಮೆಟ್ಟಿಲು ಹತ್ತಿ ಬಂದರು. ಇಪ್ಪತ್ತೆರಡು ಸೆಕೆಂಡು.

"ಮೂವತ್ತಕ್ಕೆ ಇಡು. ಧಾರಾಳ ಆಯ್ತು."

"ದೊಡ್ಡತ್ತೆಗೆ ಮೊಣಕಾಲು ನೋವಲ್ವಾ ಮಾವ?"

"ಮೊಣಕಾಲಿಗೆ ಎಣ್ಣೆ ಇದೆ. ಸೊಕ್ಕಿಗೆ ಇದೇ ಔಷಧಿ."

ಆಗಲೇ ಒಲ್ಲೆ ಅನ್ನಬೇಕಿತ್ತು, ಅನ್ನಲಿಲ್ಲ. ಅದಕ್ಕಿಂತ ನಾಚಿಕೆಗೇಡಿನ ಸಂಗತಿ ಅಂದರೆ, ಲೈಟು ಸರಿಯಾಗಿ ಮೂವತ್ತಕ್ಕೆ ಪಟ್ಟನೆ ಆರಿದಾಗ ಅವಳಿಗೆ ಖುಷಿಯೇ ಆಗಿತ್ತು. ಕೈಕೆಲಸ ಬಲ್ಲವರ ಹಣೆಬರಹವೇ ಅಷ್ಟು, ಕೆಲಸ ಸರಿ ಬಂದರೆ ಸಾಕು, ಯಾರ ಕುತ್ತಿಗೆಗೆ ಅಂತ ಆಮೇಲೆ ನೋಡುತ್ತಾರೆ.

ಬೆಸುಗೆ ಹಾಕಿ ಗಟ್ಟಿ ಮಾಡುತ್ತೇನೆ ಅಂದರೆ ಮಾವ ಬೇಡವೆಂದರು. "ಹೀಗೇ ಇರಲಿ. ಮುಂದೆ ಇಪ್ಪತ್ತೈದಕ್ಕೆ ಇಳಿಸಬಹುದು." ಬೋರ್ಡನ್ನು ಮುಚ್ಚಳದ ಡಬ್ಬಿಯೊಳಗೆ ಇಟ್ಟು ಗೋಡೆಗೆ ಹೊಡೆದದ್ದಾಯಿತು. ಕೆಳಗೊಂದು ಗುಂಡಿ, ಮೇಲೊಂದು ಗುಂಡಿ. ನಡುವೆ ಏನೂ ಇಲ್ಲ.

ಮೊದಲ ದಿನವೇ ದೊಡ್ಡತ್ತೆ ತಿರುವು ಮುಟ್ಟುವ ಮೊದಲು ಕತ್ತಲಾಯಿತು. ಮರುದಿನದಿಂದ ಅವರು ತಮ್ಮನಿಗೆ ಕೇಳಲೆಂದೇ ಗಟ್ಟಿಯಾಗಿ ಎಣಿಸುತ್ತ ಹತ್ತತೊಡಗಿದರು. "ಒಂದು! ಎರಡು! ಮೂರು!" ಮೂವತ್ತಕ್ಕೆ ಲೈಟು ಆರುತ್ತಿತ್ತು. "ಆರಿತು! ನಿನ್ನ ವಂಶದ ದೀಪಾನೂ ಹೀಗೇ ಆರಲಿ!" ಅದು ತಮ್ಮ ವಂಶವೂ ಹೌದು ಅನ್ನುವುದು ಸಿಟ್ಟಿನಲ್ಲಿ ನೆನಪಿರುತ್ತಿರಲಿಲ್ಲ. ಮೆಟ್ಟಿಲಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತ ಮಾವ ಪೇಪರು ಮಡಚಿ ನಗುತ್ತಿದ್ದರು.

ನಾಲ್ಕನೇ ದಿನ ಕತ್ತಲಲ್ಲಿ ದೊಡ್ಡತ್ತೆ ಜಾರಿದರು. ಮೊಣಕಾಲಿನ ಕೆಳಗೆ ಗೇಣುದ್ದ ಚರ್ಮ ಕಿತ್ತುಬಂತು. ಎಬ್ಬಿಸಲು ಓಡಿದ ಸೊಸೆಯ ಕೈ ಕೊಡವಿ ಹಾಕಿ, "ನಿಂಗೆ ವಿದ್ಯೆ ಹೇಳಿಕೊಟ್ಟ ಪುಣ್ಯಾತ್ಮ ಯಾರೇ? ಮೊದಲು ಅವನ ತಲೆ ಒಡೀಬೇಕು" ಅಂದರು. ಮಾತು ಎದೆಗೆ ನಾಟಿತು. ಇನ್ನೊಂದು ಸಲ ಬಿದ್ದರೆ ಏಳುವ ವಯಸ್ಸಲ್ಲ ಅದು. ಬೀಳಿಸಿದ್ದು ತನ್ನ ಕೈ ಅಂತ ಅವಳಿಗೆ ಗೊತ್ತಿತ್ತು.

ಅವತ್ತು ಮಾವ ಸ್ನಾನಕ್ಕೆ ಹೋದಾಗ ಅವಳು ಡಬ್ಬಿ ತೆರೆದು ಕೆಂಪು, ನೇರಳೆ, ಹಳದಿಯನ್ನು ಕಿತ್ತು, ನೀಲಿ, ಬೂದು, ಹಳದಿಯನ್ನು ಚುಚ್ಚಿದಳು. ಮೂವತ್ತು ಹೋಗಿ ಎಪ್ಪತ್ತೈದು ಸೆಕೆಂಡಾಯಿತು. ಕಿತ್ತದ್ದನ್ನು ಎಸೆಯಲಿಲ್ಲ, ಡಬ್ಬಿಯ ಮೂಲೆಯಲ್ಲೇ ಇಟ್ಟಳು. ರಿಪೇರಿಯವರು ಬಿಡಿಭಾಗ ಎಸೆಯುವುದಿಲ್ಲ, ಅದೇ ಎಡವಟ್ಟಾಯಿತು.

ಮರುದಿನ ದೊಡ್ಡತ್ತೆ ಕುಂಟುತ್ತ ಹತ್ತಿದರು. "ಇಪ್ಪತ್ತೊಂಬತ್ತು! ಮೂವತ್ತು!" ಲೈಟು ಆರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತ ಸೊಸೆಗೆ ಮೆಟ್ಟಿಲು ಕಾಣುತ್ತಿತ್ತು. ದೊಡ್ಡತ್ತೆ ತಲೆಯೆತ್ತಿ ಬಲ್ಬು ನೋಡಿದರು, ತಿರುಗಿ ಸೊಸೆಯನ್ನು ನೋಡಿದರು. ಆಮೇಲೆ ಝಗಝಗ ಬೆಳಕಿನಲ್ಲೇ ನಿಂತು ಗಂಟಲು ಹರಿಯುವಂತೆ ಕೂಗಿದರು, "ಆರಿತು! ಹಾಳಾಗಿ ಹೋಗ್ಲಿ, ಆರಿತು!"

ಅಂದಿನಿಂದ ಎಣಿಕೆ ನಿಧಾನವಾಯಿತು. "ಒಂದೂ..." ಅಂದು ಉಸಿರೆಳೆದುಕೊಂಡು "ಎರಡೂ..." ಅನ್ನುವರು. ಮೂವತ್ತು ಮುಗಿಯುವುದೂ ಮನೆಬಾಗಿಲು ಸಿಗುವುದೂ ಲೈಟು ಆರುವುದೂ ಒಟ್ಟೊಟ್ಟಿಗೆ. ಹಾಗಂತ ಸೊಸೆಗೆ ಒಂದು ಒಳ್ಳೆ ಮಾತು ಬಂತೇ? ಇಲ್ಲ. ಎದುರು ಸಿಕ್ಕರೆ ಅದೇ ಗಂಟು ಮುಖ, ಅದೇ "ತಲೆ ಒಡೀಬೇಕು".

ಮೂರು ವಾರ ನಡೆಯಿತು. ಒಂದು ಸಂಜೆ ಮಾವ ನೀರಿನ ಟ್ಯಾಂಕು ನೋಡಲು ಮೇಲೆ ಹೋದರು. ಮೊದಲಿನಂತೆ ಸರಸರ ಹತ್ತಿ, ಲೈಟು ಆರುವುದನ್ನು ಕಣ್ತುಂಬ ನೋಡೋಣ ಅಂತ ಕಾದು ನಿಂತರು. ಆರಲಿಲ್ಲ. ಗಡಿಯಾರ ನೋಡಿದರು.

ಸೊಸೆ ಅಂಗಡಿಯಿಂದ ಬಂದಾಗ ಮಾವನ ಕುರ್ಚಿ ಮೆಟ್ಟಿಲಿನ ಕಡೆ ತಿರುಗಿತ್ತು. ಮೇಜಿನ ಮೇಲೆ ಚಹಾ ಲೋಟದ ಪಕ್ಕ ನೀಲಿ, ಬೂದು, ಹಳದಿ ಪಟ್ಟಿಯ ರೆಸಿಸ್ಟರ್ ಬಿದ್ದಿತ್ತು. ಹಳೆಯದು ತಿರುಗಿ ಬೋರ್ಡಿಗೆ ಹೋಗಿದೆ ಅಂತ ಅವಳಿಗೆ ತಿಳಿಯಿತು. ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಬುಡದಲ್ಲಿ ಗುಂಡಿ ಒತ್ತಿದ ಸದ್ದು.

"ಒಂದೂ..."

"ಸುಮ್ಮನಿರು" ಅಂದರು ಮಾವ. "ಇವತ್ತು ಲೆಕ್ಕ ತಪ್ಪೋದಿಲ್ಲ."

ಅವಳು ಸುಮ್ಮನಿದ್ದಳು. ಒಂದೇ ನಿಮಿಷದ ಹೇಡಿತನ, ಆದರೂ ಹೇಡಿತನವೇ. "ಹನ್ನೆರಡೂ..." ಅನ್ನುವಾಗ ಕತ್ತಲಾಯಿತು. ತರಕಾರಿ ಚೀಲ ಗೋಡೆಗೆ ಬಡಿದ ಸದ್ದು, ಆಮೇಲೆ ಒಂದು ಆಲೂಗಡ್ಡೆ ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿಕೊಂಡು ಬಂದು ಮಾವನ ಕಾಲ ಹತ್ತಿರ ನಿಂತಿತು.

"ಹನ್ನೆರಡಕ್ಕೇ ಮೂವತ್ತು ಸೆಕೆಂಡು! ಯಾವ ಸ್ಕೂಲಲ್ಲಿ ಕಲಿತೆ ಅಕ್ಕ, ಈ ಲೆಕ್ಕ?" ಮೂರು ವರ್ಷದಲ್ಲಿ ಮೊದಲ ಸಲ ಅವರು ಅಕ್ಕನನ್ನು ಮಾತಾಡಿಸಿದ್ದು ಹೀಗೆ.

ದೊಡ್ಡತ್ತೆಯ ಆಟ ಸಿಕ್ಕಿಬಿದ್ದಾಗಿತ್ತು. "ನಂಗೇನು ಗೊತ್ತು, ನಿನ್ನ ಸೊಸೇನ ಕೇಳು" ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆ ಬಾಯಿಗೆ ಅದೇನು ದೊಡ್ಡ ಮಾತಲ್ಲ.

"ಹದಿಮೂರೂ..." ಕತ್ತಲೊಳಗಿಂದ ಬಂತು. ಅದೇ ನಿಧಾನ. ಗೋಡೆ ತಡಕುವ ಕೈಯ ಸದ್ದು. "ಹದಿನಾಲ್ಕೂ..."

ನಿಧಾನ ಎಣಿಸುವುದೇ ನನ್ನ ರೂಢಿ, ಯಾರೂ ಏನೂ ಮಾಡಿಲ್ಲ ಅನ್ನುವ ಎಣಿಕೆ ಅದು. ಆ ಮುದುಕಿ ಕತ್ತಲಲ್ಲಿ ಒಂದು ಕಾಲು ಎತ್ತಿಕೊಂಡು ನಿಂತು ತನ್ನನ್ನು ಬಿಟ್ಟುಕೊಡದೆ ಕಾಯುತ್ತಿದೆ ಅಂತ ಸೊಸೆಗೆ ಹೊಳೆಯಿತು.

ಅವಳು ಮಾವನ ಕುರ್ಚಿ ದಾಟಿ ಹೋಗಿ ಗುಂಡಿ ಒತ್ತಿದಳು. ಲೈಟು ಹತ್ತಿತು. ಬೆರಳು ತೆಗೆಯಲಿಲ್ಲ. ಒತ್ತಿ ಹಿಡಿದಷ್ಟು ಹೊತ್ತೂ ಆ ಸರ್ಕ್ಯೂಟ್ ಲೈಟು ಆರಿಸುವುದಿಲ್ಲ; ಕಟ್ಟಿದವಳಿಗೆ ಅಷ್ಟೂ ಗೊತ್ತಿರದೆ ಇರುತ್ತದೆಯೇ?

"ರೆಸಿಸ್ಟರ್ ಬದಲಾಯಿಸಿದ್ದು ನಾನು" ಅಂದಳು.

"ಬಿಡು ಅದನ್ನ!" ಮಾವ ಎದ್ದು ನಿಂತರು. "ನನ್ನ ಮನೇಲಿ ಇದ್ಕೊಂಡು ನಂಗೇ ಮೋಸ! ಎಷ್ಟು ಹೊತ್ತು ಹಾಗೆ ನಿಂತಿರ್ತೀಯ?"

"ದೊಡ್ಡತ್ತೆ ಎಣಿಸಿ ಮುಗಿಸೋವರೆಗೂ."

ಮೇಲಿನಿಂದ "ಹದಿನೈದೂ..." ಅಂತ ಕೇಳಿಸಿತು, ಮೊದಲಿಗಿಂತಲೂ ನಿಧಾನವಾಗಿ.