ಗುಂಡಮ್ಮನಿಗೆ ತಂದ ಆಟಿಕೆಗಳು

ಬೀದಿಯವರಿಗೆಲ್ಲ ಅವಳು ಮಿಸ್ಸು. ತರಕಾರಿಯವನಿಗೂ ಮಿಸ್ಸು, ಎದುರುಮನೆಯ ಮುದುಕನಿಗೂ ಮಿಸ್ಸು. ಕಡೆಗೆ ಕಟ್ಟಿಕೊಂಡ ಗಂಡನೂ ತಮಾಷೆಗೆ ಶುರುಮಾಡಿ ಅದನ್ನೇ ಖಾಯಂ ಮಾಡಿಕೊಂಡಿದ್ದ. ಪುಟಾಣಿಗಳ ಶಾಲೆಯೊಂದರಲ್ಲಿ ಅವಳಿಗೆ ಕೆಲಸ. ಶಾಲೆಯ ಹಿಂದಿನ ಮರಳುಗುಂಡಿ, ಅದರ ಪಕ್ಕದ ನೀರಿನ ತೊಟ್ಟಿ ಎರಡೂ ಅವಳ ವಶ. ಅಲ್ಲಿಗೆ ಬೇಕಾದ ಆಟದ ಸಾಮಾನು ಆರಿಸಿ ತರುವ ಕೆಲಸವನ್ನು ಹೆಡ್ ಮಿಸ್ಸು ಬೇರೆ ಯಾರಿಗೂ ಒಪ್ಪಿಸುತ್ತಿರಲಿಲ್ಲ.

ಅಂಗಡಿಯಲ್ಲಿ ಅವಳು ಬಣ್ಣಕ್ಕೆ ಮರುಳಾಗುವವಳಲ್ಲ. ಸಲಿಕೆಯ ಹಿಡಿ ಪುಟ್ಟ ಮುಷ್ಟಿಗೆ ದಕ್ಕುತ್ತದೋ ಇಲ್ಲವೋ ನೋಡುತ್ತಿದ್ದಳು. ಜಗ್ಗು ತುಂಬಿದಾಗ ಎಳೆಯ ಮಣಿಕಟ್ಟು ಅದರ ಭಾರ ತಾಳೀತೇ ಎಂದು ಅಂಗಡಿಯವನಿಂದಲೇ ನೀರು ಕೇಳಿ ಪಡೆದು ಪರೀಕ್ಷೆ ಮಾಡುತ್ತಿದ್ದಳು. ಮಿಸ್ಸು ಒಳಗೆ ಕಾಲಿಟ್ಟರೆ ಉಳಿದ ಗಿರಾಕಿಗಳು ಊಟ ಮುಗಿಸಿಕೊಂಡು ಬರಬಹುದು ಎಂದು ಅವನು ನಗುತ್ತಿದ್ದ. ತಂದೆತಾಯಂದಿರು ಕೇಳಿದರೆ ಬೇಸರವಿಲ್ಲದೆ ಬಿಡಿಸಿ ಹೇಳುತ್ತಿದ್ದಳು. ಮೊದಲು ಲೋಟ ಕೊಡಿ, ತುಂಬಲಿ, ಚೆಲ್ಲಲಿ. ಅದು ಬೇಜಾರಾದ ಮೇಲೆ ಜರಡಿ. ಕಣ್ಣೂ ಕೈಯೂ ಒಂದಕ್ಕೊಂದು ಕೂಡಿಕೊಂಡ ಮೇಲೆ ಆಲಿಕೆ, ಬಾಟಲಿ. ನೀರು ಬಿದ್ದರೆ ತಿರುಗುವ ಚಕ್ರಕ್ಕೆ ಅವಸರ ಬೇಡ, ಅದು ಯಾಕೆ ತಿರುಗಿತು ಎಂದು ಮಗು ಕೇಳುವ ಹೊತ್ತಿಗೆ ತಂದರೆ ಸಾಕು.

ಶಾಲೆಗೆಂದು ತಂದದ್ದೆಲ್ಲ ಮೊದಲು ಮನೆಯಲ್ಲಿ ಗುಂಡಮ್ಮನ ಕೈಗೆ ಹೋಗಬೇಕು. ಗುಂಡಮ್ಮ ಅವಳ ಮಗಳು. ಹುಟ್ಟಿದಾಗ ಗುಂಡುಗುಂಡಗೆ ಇದ್ದದ್ದರಿಂದ ಅಪ್ಪ ಇಟ್ಟ ಹೆಸರು. ಮೂರು ತುಂಬುವ ಮೊದಲೇ ಬಚ್ಚಲಿನ ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಆಲಿಕೆ ಇಟ್ಟು, ನಾಲಿಗೆ ಹೊರಚಾಚಿ, ಸಪೂರ ಬಾಯಿಯ ಬಾಟಲಿಗೆ ಹನಿ ಚೆಲ್ಲದೆ ನೀರು ತುಂಬಿಸುತ್ತಿದ್ದಳು. ಯಾರಾದರೂ ಕೈ ಹಾಕಹೋದರೆ "ನಾನೇ" ಎಂದು ದೂಡುತ್ತಿದ್ದಳು.

ಒಂದು ರಜೆಯ ಮಧ್ಯಾಹ್ನ ಮಿಸ್ಸು ಹೊಸ ಆಲಿಕೆಯೊಂದನ್ನು ಮಗಳ ಕೈಗಿತ್ತು ಪಕ್ಕದಲ್ಲೇ ಬಟ್ಟೆ ಹಿಂಡುತ್ತಿದ್ದಳು. ಗುಂಡಮ್ಮ ಅದನ್ನು ತಲೆಕೆಳಗಾಗಿ ಹಿಡಿದುಕೊಂಡಳು. ಅಮ್ಮ ತಿರುಗಿಸಿ ಕೊಟ್ಟಳು. ನೀರು ಬಾಟಲಿಗೆ ಬೀಳದೆ ಕಾಲ ಮೇಲೆ ಬಿತ್ತು. ಮತ್ತೆ ಸುರಿದಳು, ಮತ್ತೆ ಕಾಲ ಮೇಲೆ. ಆಮೇಲೆ ಮಗು ಆಲಿಕೆಯನ್ನೂ ಅಮ್ಮನನ್ನೂ ಒಂದೇ ಥರ ನೋಡಿತು, ಎರಡೂ ಏನೆಂದು ನೆನಪಾಗದ ಹಾಗೆ. ಮಿಸ್ಸು ಹಿಂಡುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ನಾನೇ" ಎನ್ನುವ ಮಾತು ಕಿವಿಗೆ ಬೀಳದೆ ಎಷ್ಟು ಕಾಲವಾಯಿತೆಂದು ಯೋಚಿಸಿದಳು. ಹೊಳೆಯಲಿಲ್ಲ.

ಗಂಡ ಲಿಫ್ಟ್ ರಿಪೇರಿಯವನು. ಸಂಜೆ ಅವನ ಮುಂದೆ ಹೇಳಿದರೆ ಅವನು ಅದನ್ನು ತಲೆಗೇ ಹಚ್ಚಿಕೊಳ್ಳಲಿಲ್ಲ. ಶಾಲೆಯನ್ನು ಶಾಲೆಯ ಗೇಟಿನಲ್ಲೇ ಬಿಟ್ಟು ಬರಬೇಕು, ಮನೆಗೆ ಹೊತ್ತು ತಂದರೆ ಹೆತ್ತ ಮಗಳಲ್ಲೂ ಹುಳುಕು ಕಾಣುತ್ತದೆ ಎಂದ. ಇವನೂ ಮಾತಾಡಿದ್ದು ತಡವಾಗಿಯೇ, ಈಗ ಬಾಯಿ ಮುಚ್ಚಿಸೋದು ಕಷ್ಟ ಎಂದು ಅತ್ತೆ ಮಗನ ಕಡೆ ನಿಂತರು. ತಡವಾಗುವುದು ಬೇರೆ, ಬಂದದ್ದು ಹೋಗುವುದು ಬೇರೆ ಎಂದು ಮಿಸ್ಸಿಗೆ ಗೊತ್ತಿತ್ತು. ಕಲಿತದ್ದನ್ನು ಕಳೆದುಕೊಂಡ ಅಂಥದ್ದೊಂದು ಮಗು ಹಿಂದೆ ಅವಳ ಶಾಲೆಯಲ್ಲಿತ್ತು. ಅದರ ವಿಷಯ ಅವಳು ಮನೆಯಲ್ಲಿ ಬಾಯಿಬಿಡಲಿಲ್ಲ.

ಗುಂಡಮ್ಮ ಮೆಟ್ಟಿಲಲ್ಲಿ ಎರಡು ಸಲ ಮುಗ್ಗರಿಸಿ ಬಿದ್ದ ಮೇಲೆ ಗಂಡನೇ ಆಸ್ಪತ್ರೆಗೆ ಹೊರಟ. ನರದ ಡಾಕ್ಟರು ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿಸಿ, ಒಂದು ದಿನ ಇಬ್ಬರನ್ನೂ ಕೂರಿಸಿಕೊಂಡು ಮೆಲ್ಲಗೆ ಹೇಳಿದರು. ಇದು ಹುಟ್ಟುವಾಗಲೇ ರಕ್ತದಲ್ಲಿ ಬಂದದ್ದು, ನರಗಳನ್ನು ಒಳಗಿನಿಂದ ತಿನ್ನುತ್ತದೆ, ಕಲಿತದ್ದು ಒಂದೊಂದಾಗಿ ಹೋಗುತ್ತದೆ, ಕೂರುವುದೂ ಕಡೆಗೆ ನುಂಗುವುದೂ. ಔಷಧಿ ಇಲ್ಲ.

"ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗಿದೆ ಅಲ್ವಾ ಸಾರ್," ಎಂದ ಗಂಡ. "ಗೊತ್ತಾದ ಮೇಲೆ ಸರಿಮಾಡೋಕೆ ಯಾಕಾಗಲ್ಲ?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಅಲ್ಲಿಂದಾಚೆಗೆ ಅವನಿಗೆ ಆಟಿಕೆಯ ಹುಚ್ಚು ಹಿಡಿಯಿತು. ಒಂದು ದಿನ ನೀರಿನ ಚಕ್ರ ತಂದ. ಇನ್ನೊಂದು ದಿನ ಕೀಲಿ ಕೊಟ್ಟರೆ ಓಡುವ ದೋಣಿ. ಕಡೆಗೊಮ್ಮೆ ಕಾಲುವೆ, ಪಂಪು, ಮರಳಿನ ಖಾನೆ ಎಲ್ಲ ಇದ್ದ ಒಂದು ದೊಡ್ಡ ಮೇಜನ್ನೇ ಹೊತ್ತು ತಂದು ನಡುಮನೆಯಲ್ಲಿ ಸ್ಪ್ಯಾನರು ಹಿಡಿದು ಜೋಡಿಸಿದ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಬೆರಳುಗಳ ಮೇಲೆ ತನ್ನ ಕೈ ಇಟ್ಟು ಚಕ್ರ ತಿರುಗಿಸುತ್ತಿದ್ದ. "ಮಿಸ್ಸೇ, ಬಾ ಇಲ್ಲಿ, ತಿರುಗಿಸಿದಳು ನೋಡು." ಅಡುಗೆಮನೆಯಿಂದ ಅವಳು ಒದ್ದೆ ಕೈಯಲ್ಲೇ ಬಾಗಿಲಿಗೆ ಓಡಿ ಬರುತ್ತಿದ್ದಳು. ಪ್ರತಿ ಸಲವೂ ಬರುತ್ತಿದ್ದಳು. ಒಂದು ಗಳಿಗೆ ನಿಂತು ನೋಡಿ, ಬೇಳೆ ಉಕ್ಕುತ್ತಿದೆ ಎಂದೋ ಏನೋ ಹೇಳಿ ಹಿಂದಿರುಗುತ್ತಿದ್ದಳು.

ಒಂದು ಸಲ ಮಾತ್ರ ತಡೆಯಲಾಗಲಿಲ್ಲ. "ಅದು ನಿಮ್ಮ ಕೈ," ಎಂದುಬಿಟ್ಟಳು. "ಅವಳಿಗೆ ಈಗ ಲೋಟಾನೂ ಹಿಡಿಯೋಕಾಗಲ್ಲ. ಆಗೋದನ್ನ ಕೊಡಿ. ಇದೆಲ್ಲ ನಿಮಗೆ ನೀವೇ ತಂದ್ಕೊಳ್ತಿರೋದು."

"ನೀನು ಅವಳನ್ನ ಆಗಲೇ ಕಳ್ಕೊಂಡು ಕೂತಿದ್ದೀಯ," ಎಂದ ಅವನು, ದನಿ ಏರಿಸದೆ. ಅತ್ತೆ ಎದ್ದು ಕೋಣೆಗೆ ಹೋಗಿ ಕದ ಹಾಕಿಕೊಂಡರು.

ಶಾಲೆಯಲ್ಲಿ ಮಕ್ಕಳು ಒಂದೊಂದನ್ನೇ ಕಲಿಯುತ್ತ ಏಣಿ ಹತ್ತಿದಂತೆ ಹತ್ತುತ್ತಲೇ ಇದ್ದರು. ಮೊನ್ನೆಯವರೆಗೆ ಮರಳು ಬಾಯಿಗೆ ಹಾಕುತ್ತಿದ್ದವನೊಬ್ಬ ಆಲಿಕೆ ಹಿಡಿದು ಬಾಟಲಿ ತುಂಬಿಸಿ, "ಮಿಸ್ಸು, ಚೆಲ್ಲಲೇ ಇಲ್ಲ," ಎಂದು ತೋರಿಸಿದ. ಚಪ್ಪಾಳೆ ತಟ್ಟಬೇಕಿತ್ತು, ತಟ್ಟಿದಳು. ಕೈ ನಿಲ್ಲಿಸಲು ಮರೆತು ತಟ್ಟುತ್ತಲೇ ಇದ್ದಳು. ಆಯಾ ಬಂದು ಅವಳ ತೋಳು ಹಿಡಿದು, ಗೋಡೆಯ ಮರೆಗೆ ಕರೆದೊಯ್ದು ಬಿಟ್ಟು, ತಾನೇ ತೊಟ್ಟಿಯ ಬಳಿ ನಿಂತಳು. ಅಂದೇ ಆ ಹುಡುಗನ ತಾಯಿ ಇವನಿಗೆ ಇನ್ನು ಮುಂದೆ ಏನು ತರಲಿ ಎಂದು ಕೇಳಿದಳು. ಮಿಸ್ಸು ಚಕ್ರ ತನ್ನಿ ಎಂದಳು, ಯಾವ ಥರದ್ದು, ಎಷ್ಟು ಎತ್ತರದ್ದು ಎಂಬುದನ್ನೂ ಹೇಳಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಗುಂಡಮ್ಮನಿಗೆ ದಿಂಬಿನ ಆಸರೆಯಿಲ್ಲದೆ ಕೂರಲಾಗುತ್ತಿರಲಿಲ್ಲ. ಕರೆದರೆ ಕಣ್ಣು ಒಮ್ಮೊಮ್ಮೆ ತಿರುಗುತ್ತಿತ್ತು, ಒಮ್ಮೊಮ್ಮೆ ಇಲ್ಲ. ಒಂದು ಸಂಜೆ ಗಂಡ ಬೇಗ ಮನೆಗೆ ಬಂದ. ಕೈಯಲ್ಲಿ ಸಣ್ಣ ಚೀಲ. ಇನ್ನು ಯಾವ ಯಂತ್ರ ತಂದರೋ ಎಂದು ಮಿಸ್ಸು ಹಲ್ಲು ಕಚ್ಚಿಕೊಂಡಳು. ಅವನು ಚೀಲದಿಂದ ತೆಗೆದದ್ದು ಒಂದು ಸ್ಪಂಜು.

"ಅಂಗಡೀಲಿ ಇದ್ದದ್ದನ್ನೆಲ್ಲ ಕೆನ್ನೆಗೆ ಒತ್ತಿ ನೋಡಿದೆ," ಎಂದ. "ಇದೇ ಮೆತ್ತಗಿರೋದು. ಬೆಚ್ಚಗಿನ ನೀರಲ್ಲಿ ಅದ್ದಿ ಅಂಗೈಲಿಟ್ಟರೆ ಸಾಕು ಅಲ್ವಾ? ಅವಳೇನೂ ಹಿಡಿಯೋದು ಬೇಡ."

ಸರಿಯಾಗಿಯೇ ಆರಿಸಿದ್ದ. ಅವಳೇ ಹೋಗಿದ್ದರೂ ಅದನ್ನೇ ತರುತ್ತಿದ್ದಳು. ಇಷ್ಟು ದಿನ ಅವನ ಬಾಯಿಂದ ಇದೊಂದು ಮಾತು ಬರಲಿ ಎಂದು ಕಾದು, ಜಗಳವಾಡಿ, ಮಾತು ಬಿಟ್ಟು ಕೂತಿದ್ದಳು. ಈಗ ಬಂತು. ಇಲ್ಲಿಯವರೆಗೆ ಮನೆಯಲ್ಲಿ ಒಬ್ಬನಾದರೂ ಮಗು ಮೊದಲಿನಂತಾದೀತೆಂದು ನಂಬಿಕೊಂಡಿದ್ದ. ಅವನ ಹುಚ್ಚನ್ನು ಬಯ್ಯುತ್ತ ಬಯ್ಯುತ್ತಲೇ ಅದರ ಆಸರೆಯಲ್ಲೇ ತಾನೂ ಜೀವ ಹಿಡಿದಿದ್ದಳು.

"ಆ ಮೇಜನ್ನ ಬಿಚ್ಚಿ ಇಡ್ತೀನಿ. ಓಡಾಡೋಕೆ ಅಡ್ಡ."

"ಬೇಡ," ಎಂದಳು. "ಇರಲಿ ಬಿಡಿ. ನಾಳೆ ಇನ್ನೊಂದು ಸಲ ಕೂರಿಸಿ ನೋಡಿ. ಚಕ್ರ ತಿರುಗಿಸ್ತಾಳೇನೋ."

ಅವನು ಅವಳ ಮುಖವನ್ನೇ ನೋಡಿದ. ಅವಳ ತಲೆಯ ಮೇಲೊಮ್ಮೆ ಕೈಯಿಟ್ಟು, ಸ್ಪ್ಯಾನರು ತೆಗೆದುಕೊಂಡು ನಡುಮನೆಗೆ ಹೋದ.

ಮಿಸ್ಸು ನೀರು ಕಾಯಿಸಿ ತಂದಳು. ಸ್ಪಂಜನ್ನು ಅದ್ದಿ ಮಗಳ ಅಂಗೈಯಲ್ಲಿಟ್ಟಳು. ಬೆರಳು ಮಡಚಲಿಲ್ಲ. ನೀರು ಮಣಿಕಟ್ಟಿನಿಂದಿಳಿದು ಅಂಗಿಯ ತೋಳಿನೊಳಗೆ ಹೋಯಿತು. ನಡುಮನೆಯಲ್ಲಿ ಅವನು ಬಿಚ್ಚಿದ ನಟ್ಟುಗಳು ಡಬ್ಬಿಗೆ ಬೀಳುವ ಸದ್ದು ಕೇಳುತ್ತಿತ್ತು. ಎದ್ದು ಹೋಗಿ ಅವನ ಕೈ ಹಿಡಿದು ತಡೆಯಬೇಕು ಎನಿಸಿತು. ಏಳಲಾಗಲಿಲ್ಲ.